ಹೆರ್ಮೋನಿನ ಹಿಮವೂ ಸೆರೆಯಾದ ಹುಡುಗಿಯೂ

ಓದತಕ್ಕ ಭಾಗಗಳು: ೨ ಅರಸುಗಳು ೫ನೇ ಅಧ್ಯಾಯ, ಧರ್ಮೋಪದೇಶಕಾಂಡ ೩ : ೯.



ನಮ್ಮ ಸೀಮೆಯವರು ಹಿಮವನ್ನು ಕಂಡವರಲ್ಲ. ಮಾಗಿಯ ಮುಂಜಾನೆ ಹುಲ್ಲಿನ ಮೇಲೆ ಬಿದ್ದ ಇಬ್ಬನಿಯನ್ನು ನಾವು ಹಿಮವೆಂದು ಕರೆಯುವದುಂಟು. ಆದರೆ ಶಾಸ್ತ್ರದಲ್ಲಿ ಹೇಳಿದ ಹಿಮವು ಅದಲ್ಲ. ಅದು ಹಿಂಜಿದ ಅರಳೆಯ ಹಾಗೆ ಆಕಾಶದಿಂದ ಸದ್ದಿಲ್ಲದೆ ಇಳಿದು, ಬೆಟ್ಟವನ್ನೆಲ್ಲಾ ಮುಚ್ಚಿ, ಅಲ್ಲಿಯೇ ಗಟ್ಟಿಯಾಗಿ ನಿಂತು, ಬಿಸಿಲು ಏರಿದ ಹಾಗೆಲ್ಲಾ ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಾಗುವದು. ಇಂಥ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಅದು ಮನೆಯ ಗೋಡೆ ಇದ್ದ ಹಾಗೆ. ಬಾಗಿಲು ತೆರೆದ ಕೂಡಲೆ ಅದು ಕಣ್ಣಿಗೆ ಬೀಳಬೇಕು. ಬೀಳದೆ ಹೋದರೆ ಎದೆಯಲ್ಲಿ ಏನೋ ಬರಿದಾದಂತೆ ತೋರುವದು.

ಈ ಬರಿದುತನವನ್ನು ಒಂದು ರೋಗವೆಂದು ಎಣಿಸಿ ಅದಕ್ಕೆ ಹೆಸರಿಟ್ಟವನು ಹಿಮದ ಬೆಟ್ಟಗಳ ದೇಶವಾದ ಸ್ವಿಜರ್ಲೆಂಡಿನಲ್ಲಿ ವೈದ್ಯಶಾಸ್ತ್ರ ಕಲಿಯುತ್ತಿದ್ದ ಯೋಹಾನ್ನೆಸ್ ಹೋಫರ್ ಎಂಬವನು. ಅವನು ೧೬೮೮ ರಲ್ಲಿ ಬಾಸೆಲ್ ಪಟ್ಟಣದಲ್ಲಿ ಬರೆದ ಪ್ರಬಂಧದಲ್ಲಿ, ಮನೆಗೆ ತಿರುಗಿ ಹೋಗುವದು, ನೋವು ಎಂಬ ಅರ್ಥವುಳ್ಳ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ "ನೊಸ್ಟಾಲ್ಜಿಯ" ಎಂದು ಕರೆದನು. ಬೆರ್ನ್ ಸೀಮೆಯ ಒಬ್ಬ ಯುವಕನು ಓದುವದಕ್ಕೆ ಬಾಸೆಲಿಗೆ ಬಂದು, ಊರಿನ ಹಂಬಲದಿಂದ ಸಾಯುವ ಸ್ಥಿತಿಗೆ ಮುಟ್ಟಿದ್ದನು. ಊರಿಗೆ ಕಳುಹಿಸುತ್ತೇವೆಂದು ಹೊರಡಿಸಿದಾಗ ಊರು ತಲಪುವದಕ್ಕೆ ಮೊದಲೇ, ದಾರಿಯಲ್ಲಿಯೇ ಚೇತರಿಸಿಕೊಂಡನು ಎಂದು ಅದರಲ್ಲಿ ಬರೆದದೆ. ಇದೇ ಬಾಸೆಲಿನಿಂದ ೧೮೩೪ ರಲ್ಲಿ ಮೂವರು ಮಿಶನೆರಿಗಳು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರಲ್ಲಿ ಅನೇಕರು ತಿರುಗಿ ಹೋಗದೆ ನಮ್ಮ ಮಣ್ಣಿನಲ್ಲಿಯೇ ಮಲಗಿದ್ದಾರೆ. ಆದರೆ ಇಂದು ನಾನು ಹೇಳಬೇಕೆಂದಿರುವದು ಅವರ ವಿಷಯವಲ್ಲ.

ಆ ಯುವಕನಿಗೆ ಊರಿಗೆ ಕಳುಹಿಸಿಕೊಡುವವರು ಇದ್ದರು. ನಾಮಾನನ ಮನೆಯಲ್ಲಿದ್ದ ಹುಡುಗಿಗೆ ಯಾರೂ ಇರಲಿಲ್ಲ.

ಅರಾಮ್ಯರ ದಂಡಿನವರು ಇಸ್ರಾಯೇಲ್ ದೇಶದ ಮೇಲೆ ಬಿದ್ದು ಅವಳನ್ನು ಹಿಡುಕೊಂಡು ಹೋದರು. ಅವಳ ಹೆಸರು ಬರೆಯಲ್ಪಟ್ಟಿಲ್ಲ, ಊರೂ ಬರೆಯಲ್ಪಟ್ಟಿಲ್ಲ. ಚಿಕ್ಕ ಹುಡುಗಿ ಎಂದಷ್ಟೇ ಅದೆ. ದಮಸ್ಕದ ಕಡೆಯಿಂದ ಬರುವ ಸುಲಿಗೆಯವರಿಗೆ ಮೊದಲು ಸಿಕ್ಕುವದು ಇಸ್ರಾಯೇಲಿನ ಬಡಗಣ ಗ್ರಾಮಗಳು. ಆದದರಿಂದ ಅವಳು ಆ ಭಾಗದವಳಾಗಿದ್ದಳೆಂದು ನಾನು ಎಣಿಸುತ್ತೇನೆ. ಇದು ನನ್ನ ಊಹೆಯೇ. ಶಾಸ್ತ್ರದ ಮಾತೆಂದು ಹಿಡಿಯಬೇಡಿರಿ. ಹಾಗಿದ್ದರೆ ಅವಳು ಹುಟ್ಟಿದಂದಿನಿಂದ ಬಡಗಣ ದಿಕ್ಕಿನಲ್ಲಿ ಒಂದೇ ಬೆಟ್ಟವನ್ನು ನೋಡುತ್ತಾ ಬೆಳೆದವಳು. ಅದು ಹೆರ್ಮೋನ್. ೯,೨೦೦ ಅಡಿಗಿಂತ ಎತ್ತರವಾಗಿ ನಿಂತು, ವರುಷದ ಬಹುಕಾಲ ತಲೆಯ ಮೇಲೆ ಹಿಮವನ್ನು ಹೊತ್ತಿರುವ ಬೆಟ್ಟ. ಇಸ್ರಾಯೇಲ್ಯರ ಸ್ವಾಸ್ತ್ಯದ ಬಡಗಣ ಮೇರೆಯಾಗಿ ಯೆಹೋಶುವನ ಪುಸ್ತಕದಲ್ಲಿ ಹೇಳಿರುವದೂ ಇದನ್ನೇ.

ಈಗ ಆಲೋಚಿಸಿರಿ. ಅವಳನ್ನು ಒಯ್ದ ದಮಸ್ಕಕ್ಕೂ ಅದೇ ಬೆಟ್ಟವು ಕಾಣುತ್ತದೆ! ಆದರೆ ಅಲ್ಲಿ ಅದು ಪಡುವಣ ದಿಕ್ಕಿನಲ್ಲಿ ಅದೆ. ಊರಲ್ಲಿ ಅದರ ಮುಖವನ್ನು ಕಂಡವಳು ಸೆರೆಯಲ್ಲಿ ಅದರ ಬೆನ್ನನ್ನು ಕಂಡಳು. ಹಿಮವು ಅದೇ, ಬೆಟ್ಟವು ಅದೇ. ಆದರೆ ತಾಯಿಯ ಮನೆಯು ಅದರ ಆಚೆಯಲ್ಲಿ. ಕಾಣದೆ ಇದ್ದಿದ್ದರೆ ಒಂದು ವೇಳೆ ಮರೆತಾಳು. ದಿನಾಲು ಸಂಜೆ ಹೊತ್ತು ಮುಳುಗುವದು ಆ ಬೆಟ್ಟದ ಕಡೆಯಲ್ಲಿಯೇ ಆಗಿರುವಾಗ ಮರೆಯುವದು ಹೇಗೆ?

ಮತ್ತು ಅದನ್ನು ಅಲ್ಲಿಯವರು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಧರ್ಮೋಪದೇಶಕಾಂಡದಲ್ಲಿ ಓಗನ ಯುದ್ಧದ ಕಥೆಯ ನಡುವೆ ಒಂದು ಚಿಕ್ಕ ಮಾತು ಉಂಟು: ಹೆರ್ಮೋನನ್ನು ಚೀದೋನ್ಯರು ಸಿರ್ಯೋನ್ ಎಂದೂ ಅಮೋರಿಯರು ಸೆನೀರ್ ಎಂದೂ ಕರೆಯುವರು ಎಂಬದೇ. ಯುದ್ಧದ ಮಧ್ಯದಲ್ಲಿ ಈ ಹೆಸರುಗಳ ಪಟ್ಟಿ ಯಾಕೆ ಎಂದು ನಾನು ಬಹು ದಿನ ಅದನ್ನು ದಾಟಿ ಓದುತ್ತಿದ್ದೆನು. ಆದರೆ ಭೂಮಿಯಿಂದ ಅಗೆದು ತೆಗೆದ ಬರಹಗಳು ಅದಕ್ಕೆ ಸಾಕ್ಷಿ ಕೊಟ್ಟವೆ. ಸುರಿಯ ಕರಾವಳಿಯ ರಾಸ್ ಷಮ್ರಾ ಎಂಬಲ್ಲಿ ೧೯೨೯ ರಿಂದ ಅಗೆಯುತ್ತಾ ಬಂದಾಗ ಸಿಕ್ಕಿದ ಮಣ್ಣಿನ ಹಲಗೆಗಳಲ್ಲಿ, ೨೯ನೇ ಕೀರ್ತನೆಯಲ್ಲಿ ಇರುವ ಹಾಗೆಯೇ, ಲೆಬನೋನ್ ಮತ್ತು ಸಿರ್ಯೋನ್ ಎಂಬ ಹೆಸರುಗಳು ಜೊತೆಯಾಗಿ ಬರುತ್ತವೆ. ಅಶ್ಶೂರದ ಅರಸನಾದ ಮೂರನೇ ಶಲ್ಮನೆಸರನು ಕ್ರಿ. ಪೂ. ೮೪೧ ರಲ್ಲಿ ದಮಸ್ಕದ ಹಜಾಯೇಲನ ಮೇಲೆ ಹೋದಾಗ, ಹಜಾಯೇಲನು ಲೆಬನೋನಿಗೆ ಎದುರಾದ ಸನಿರು ಬೆಟ್ಟದಲ್ಲಿ ಕೋಟೆ ಮಾಡಿಕೊಂಡನೆಂದು ಬರೆಯಿಸಿದ್ದಾನೆ. ಸನಿರು ಎಂಬದು ಸೆನೀರೇ. ಈ ಹಜಾಯೇಲನ ಕಥೆಯು ನಾಮಾನನ ಕಥೆಗೆ ಮೂರು ಅಧ್ಯಾಯಗಳ ಮುಂದೆಯೇ ಬರುತ್ತದೆ. ಹೀಗೆ ಆ ಹುಡುಗಿಯು ಹೆರ್ಮೋನ್ ಎಂದು ಕಲಿತದ್ದನ್ನು ಆ ಮನೆಯವರ ಬಾಯಲ್ಲಿ ಸೆನೀರ್ ಎಂದು ಕೇಳಿರಬೇಕು. ಊರು ಬಿಟ್ಟು ಬೇರೆ ಭಾಷೆಯವರ ನಡುವೆ ಕೂಲಿಗೆ ಹೋದವರಿಗೆ ಇದು ತಿಳಿಯುವದು. ಬೆಲ್ಲಕ್ಕೆ ಬೇರೆ ಹೆಸರು ಕೇಳಿದರೆ ನಗು ಬರುವದು; ತನ್ನ ಊರ ಬೆಟ್ಟಕ್ಕೆ ಬೇರೆ ಹೆಸರು ಕೇಳಿದರೆ ಅಳು ಬರುವದು.

ಹೆರ್ಮೋನ್ ಎಂಬ ಹೆಸರು ಮೀಸಲಾಗಿಟ್ಟದ್ದು, ಮುಟ್ಟಬಾರದ್ದು ಎಂಬ ಅರ್ಥವುಳ್ಳ ಧಾತುವಿನಿಂದ ಬಂದದೆ. ಅನ್ಯಜನರು ಅದನ್ನು ದೇವರ ಬೆಟ್ಟವೆಂದು ಪೂಜಿಸುತ್ತಿದ್ದರು. ತುದಿಯಲ್ಲಿ ಒಂದು ಹಳೇ ಗುಡಿಯ ಹಾಳು ಇನ್ನೂ ಅದೆ. ೧೮೬೯ ರಲ್ಲಿ ಚಾರ್ಲ್ಸ್ ವಾರನ್ ಎಂಬ ಇಂಗ್ಲಿಷನು ಅಲ್ಲಿ ಗ್ರೀಕ್ ಅಕ್ಷರಗಳುಳ್ಳ ಕಲ್ಲೊಂದನ್ನು ಕಂಡನು. ಹನೋಕನ ಹೆಸರಿನಲ್ಲಿರುವ, ನಮ್ಮ ಶಾಸ್ತ್ರದಲ್ಲಿ ಸೇರದ ಒಂದು ಹಳೇ ಪುಸ್ತಕವಾದರೋ, ಬಿದ್ದ ದೂತರು ಅಲ್ಲಿ ಶಾಪದ ಆಣೆ ಇಟ್ಟುಕೊಂಡದ್ದರಿಂದ ಆ ಹೆಸರು ಬಂತೆಂದು ಹೇಳುತ್ತದೆ. ಅದು ಕಥೆ, ಅದು ಹಾಗಿರಲಿ. ಯೆಹೂದ್ಯರು ಶಾಸ್ತ್ರವನ್ನು ಅರಾಮ್ಯ ಭಾಷೆಗೆ ತಿರುಗಿಸಿದಾಗ ಸೆನೀರಿನ ಸ್ಥಳದಲ್ಲಿ ಹಿಮದ ಬೆಟ್ಟ ಎಂದೇ ಬರೆದರು. ಅರಬರು ಅದನ್ನು ಜಬಲ್ ಅಷ್ಶೇಖ್, ಅಂದರೆ ಹಿರಿಯನ ಬೆಟ್ಟ ಎನ್ನುವರು. ನರೆತ ತಲೆಯ ಯಜಮಾನನು ಕೂತ ಹಾಗೆ ಕಾಣುವದರಿಂದ ಆ ಹೆಸರು ಎಂದು ಜನರು ಹೇಳುವದುಂಟು. ನನಗೆ ಈ ಹೆಸರೇ ಹೆಚ್ಚು ಹಿಡಿಸುತ್ತದೆ.

ನಮ್ಮ ಸಭೆಗಳಲ್ಲಿ ಒಂದು ಕಠಿಣವಾದ ಮಾತು ಸಂಚರಿಸುವದುಂಟು. ದೀಕ್ಷಾಸ್ನಾನದ ದೆಸೆಯಿಂದ ಊರನ್ನೂ ಒಡಹುಟ್ಟಿದವರನ್ನೂ ಬಿಟ್ಟು ಬಂದ ಒಬ್ಬ ಮುದುಕಿಯು ತನ್ನ ಊರ ಗುಡ್ಡವನ್ನು ನೆನಸಿ ಅತ್ತರೆ, ಇವಳ ಮನಸ್ಸು ಇನ್ನೂ ಹಿಂದಕ್ಕೆ ಅದೆ, ಲೋಟನ ಹೆಂಡತಿಯನ್ನು ಜ್ಞಾಪಕಮಾಡಿಕೊಳ್ಳಲಿ ಎಂದು ಬೆದರಿಸುವರು. ಇದು ನ್ಯಾಯವಲ್ಲ. ಲೋಟನ ಹೆಂಡತಿಗೆ ಹಿಂದಕ್ಕೆ ನೋಡಬೇಡವೆಂಬ ಅಪ್ಪಣೆ ಇತ್ತು. ಈ ಹುಡುಗಿಗೆ ಅಂಥ ಅಪ್ಪಣೆ ಇರಲಿಲ್ಲ. ಅವಳು ತನ್ನ ದೇಶವನ್ನು ಮರೆತಿದ್ದರೆ ನಾಮಾನನಿಗೆ ಯಾರು ದಾರಿ ತೋರಿಸುತ್ತಿದ್ದರು? ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಯಜಮಾನನು ಹೋದರೆ ಒಳ್ಳೇದಾಗುತ್ತಿತ್ತೆಂದು ಅವಳು ತನ್ನ ಯಜಮಾನಿಗೆ ಹೇಳಿದ್ದು ಊರಿನ ಹಂಬಲದೊಳಗಿಂದಲೇ ಹುಟ್ಟಿದ ಮಾತು. ತಾನು ಹೋಗಲಾರದ ಸ್ಥಳಕ್ಕೆ, ತನ್ನನ್ನು ಸೆರೆಯಲ್ಲಿಟ್ಟವನನ್ನು ಕಳುಹಿಸಿದಳು. ನನ್ನನ್ನೂ ಕರೆದುಕೊಂಡು ಹೋಗು ಎಂದು ಕೇಳಿದಳೆಂದು ಬರೆದಿಲ್ಲ.

ಊರಿನ ಹಂಬಲಕ್ಕೆ ಇನ್ನೊಂದು ಮುಖವೂ ಉಂಟು, ಅದು ನಾಮಾನನಲ್ಲಿ ಕಾಣುತ್ತದೆ. ಯೊರ್ದನಿನಲ್ಲಿ ಏಳು ಸಾರಿ ಸ್ನಾನಮಾಡೆಂದು ಎಲೀಷನು ಹೇಳಿ ಕಳುಹಿಸಿದಾಗ ಅವನು ಸಿಟ್ಟುಗೊಂಡು, ದಮಸ್ಕದ ಹೊಳೆಗಳಾದ ಅಬಾನಾ ಪರ್ಪರ್ ಎಂಬವು ಇಸ್ರಾಯೇಲಿನ ಎಲ್ಲಾ ನೀರುಗಳಿಗಿಂತ ಉತ್ತಮವಲ್ಲವೋ ಎಂದನು. ಪರದೇಶದಲ್ಲಿ ನಿಂತು ತನ್ನ ಊರ ನೀರನ್ನು ಹೊಗಳದವರು ಯಾರು? ಆದರೆ ಅವನಿಗೆ ತಿಳಿಯದ ಸಂಗತಿಯೊಂದು ಇತ್ತು. ಹೆರ್ಮೋನ್ ಸುಣ್ಣದ ಕಲ್ಲಿನ ಬೆಟ್ಟ, ಒಳಗೆಲ್ಲಾ ಬಿರುಕುಗಳು. ಮೇಲೆ ಕರಗಿದ ಹಿಮವು ಆ ಬಿರುಕುಗಳಲ್ಲಿ ಇಳಿದು, ಒಳಗೊಳಗೇ ಹರಿದು, ಬುಡದಲ್ಲಿ ಊಟೆಗಳಾಗಿ ಉಕ್ಕುವದು. ಪಡುವಣ ಮತ್ತು ತೆಂಕಣ ಬುಡದಲ್ಲಿ ಹೊರಟ ಹಸ್ಬಾನಿ, ದಾನ್, ಬಾನಿಯಾಸ್ ಎಂಬ ತೊರೆಗಳು ಕೂಡಿ ಯೊರ್ದನ್ ಹೊಳೆಯಾಗುತ್ತವೆ. ಮೂಡಣ ಇಳಿಜಾರಿನ ನೀರು ದಮಸ್ಕದ ಬಯಲಿಗೆ ಹರಿಯುವ ಆವಜ್ ಹೊಳೆಗೆ ಹೋಗುತ್ತದೆ. ಈ ಆವಜ್ ಹೊಳೆಯೇ ಪರ್ಪರ್ ಎಂದು ಹೆಚ್ಚು ಮಂದಿ ಪಂಡಿತರ ಎಣಿಕೆ. ಹಾಗಾದರೆ ನಾಮಾನನು ಹೊಗಳಿದ ನೀರೂ ಅವನು ಹೀಯಾಳಿಸಿದ ನೀರೂ ಒಂದೇ ಬೆಟ್ಟದ ಹಿಮ! ಒಂದು ಈ ಕಡೆ ಇಳಿಯಿತು, ಒಂದು ಆ ಕಡೆ ಇಳಿಯಿತು, ಅಷ್ಟೇ.

ಅವನು ಇಳಿದು ಮುಳುಗಿದನು. ಅವನ ಶರೀರವು ಚಿಕ್ಕ ಮಗುವಿನ ಶರೀರದಂತೆ ಆಯಿತು. ಆ ಮೇಲೆ ಅವನು ಎಲೀಷನನ್ನು ಕೇಳಿದ್ದು ವಿಚಿತ್ರವಾದದ್ದು: ಎರಡು ಹೇಸರಕತ್ತೆಗಳು ಹೊರುವಷ್ಟು ಮಣ್ಣು ಬೇಕೆಂದನು. ಸ್ವಂತ ಊರಿಗೆ ಹೋಗುವವನು ಪರರ ಮಣ್ಣನ್ನು ಹೊತ್ತುಕೊಂಡು ಹೋಗುವದನ್ನು ಎಲ್ಲಿಯಾದರೂ ಕೇಳಿದ್ದೀರಾ? ಅವನಿಗೂ ಈಗ ಆಚೆಯ ಕಡೆಯ ಹಂಬಲ ಹತ್ತಿತು. ಇನ್ನು ಮೇಲೆ ದಮಸ್ಕದಲ್ಲಿ ಕೂತು ಸೆನೀರನ್ನು ನೋಡುವಾಗ, ಅದರ ಹಿಂದೆ ಏನದೆಂದು ಅವನೂ ಬಲ್ಲನು. ಆ ಮನೆಯಲ್ಲಿ ಅದನ್ನು ಬಲ್ಲವರು ಈಗ ಇಬ್ಬರಾದರು.

ಆ ಮಣ್ಣಿನ ಹೊರೆಗಳು ದಮಸ್ಕಕ್ಕೆ ಬಂದವು. ಅಂಗಳದಲ್ಲಿ ಅವನ್ನು ಇಳಿಸುವಾಗ ಆ ಹುಡುಗಿಯು ಬಾಗಿಲಲ್ಲಿ ನಿಂತಿದ್ದಳೋ, ಬೊಗ್ಗಿ ಒಂದು ಹಿಡಿಯನ್ನು ಕೈಯಲ್ಲಿ ತೆಗೆದುಕೊಂಡಳೋ, ಶಾಸ್ತ್ರವು ಹೇಳುವದಿಲ್ಲ. ಆದರೂ ಊರಿಗೆ ಹೋಗಲಾರದವಳ ಬಳಿಗೆ ಅವಳ ಊರಿನ ಮಣ್ಣೇ ಬಂತು.