ನೆತ್ತಿಗೆ ಹತ್ತಿದಾಗ

ಉಣ್ಣುವಾಗ ಮಾತಾಡಲು ಹೋಗಿ ಕೆಮ್ಮು ಬಂದರೆ ಅಮ್ಮ ತಲೆ ತಟ್ಟುತ್ತಾ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎನ್ನುತ್ತಿದ್ದಳು. ಯಾರಿರಬಹುದೆಂದು ನಾವೆಲ್ಲ ಒಂದೊಂದು ಹೆಸರು ಹೇಳುತ್ತಿದ್ದೆವು. ದೊಡ್ಡಮ್ಮ, ಮದುವೆಯಾಗಿ ಹೋದ ಅಕ್ಕ, ಅಜ್ಜಿ. ಈಗ ನನಗೆ ಕೆಮ್ಮು ಬಂದಾಗ ನೆನಪಾಗುವುದು ಅವರಿಗಿಂತ ಬಹಳ ಹಿಂದಿನ ಬಳಗ.

ಗಂಟಲಲ್ಲಿ ಎರಡು ದಾರಿಗಳು ಒಂದನ್ನೊಂದು ಅಡ್ಡಹಾಯುತ್ತವೆ. ಮುಖದಲ್ಲಿ ಮೂಗು ಮೇಲೆ, ಬಾಯಿ ಕೆಳಗೆ. ಒಳಗೆ ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ತುತ್ತು ನುಂಗುವಾಗಲೆಲ್ಲ ಉಸಿರು ಅರೆಕ್ಷಣ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಎಲೆಯಂಥ ಮುಚ್ಚಳವೊಂದು ಅದರ ಮೇಲೆ ಬಾಗುತ್ತದೆ. ಮಾತಿನ ಭರದಲ್ಲಿ ಇದು ತಪ್ಪಿದರೆ ಅನ್ನದ ಅಗುಳು ಹೋಗುವುದು ನೆತ್ತಿಗಲ್ಲ, ಶ್ವಾಸನಾಳದ ಕಡೆಗೆ.

ಇಂಥ ಅಪಾಯದ ಜೋಡಣೆ ನಮಗೆ ಮೀನುಗಳಿಂದ ಬಂದದ್ದು. ಸುಮಾರು 40 ಕೋಟಿ ವರ್ಷಗಳ ಹಿಂದಿನ ಕೆಲವು ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿಂದಲೇ ಗಾಳಿ ಗುಟುಕರಿಸುತ್ತಿದ್ದವು. ಆ ಗಾಳಿಗೆ ಅನ್ನದ ದಾರಿಯ ಅಡಿಯಲ್ಲೊಂದು ಚೀಲ ಬೆಳೆಯಿತು. ಅದೇ ಶ್ವಾಸಕೋಶದ ಮೂಲ. ತಾಯ ಹೊಟ್ಟೆಯಲ್ಲಿ ನಾಲ್ಕನೇ ವಾರದ ಭ್ರೂಣದಲ್ಲಿ ಇಂದಿಗೂ ಶ್ವಾಸಕೋಶ ಅನ್ನನಾಳದ ಮುಂಬದಿಯಿಂದ ಒಂದು ಮೊಳಕೆಯಾಗಿಯೇ ಹೊರಡುತ್ತದೆ. ಮೀನಿನಲ್ಲಿ ಕಿವಿರುಗಳಿಗೆ ಆಸರೆಯಾಗುವ ಕಮಾನುಗಳು ನಮ್ಮಲ್ಲಿ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳಾಗುತ್ತವೆ. ನಾವು ಆಡುವ ಒಂದೊಂದು ಮಾತೂ ಅಲ್ಲಿಂದಲೇ ಹೊರಡಬೇಕು.

ಶಾಲೆಯ ಪುಸ್ತಕದಲ್ಲಿ ಜೀವಿಗಳ ವರ್ಗೀಕರಣ ಒಂದು ಪಾಠ, ಉಸಿರಾಟ ಇನ್ನೊಂದು. ಎರಡರ ನಡುವೆ ಎಷ್ಟೋ ಪುಟಗಳು. ಇವೆರಡನ್ನೂ ಮಕ್ಕಳು ಒಟ್ಟಿಗೆ ಓದಬೇಕೆಂಬುದು ನನ್ನ ಆಸೆ. ಯಾವ ಪ್ರಾಣಿ ಹೇಗೆ ಉಸಿರಾಡುತ್ತದೆಂದು ನೋಡಿದರೆ ಅದರ ನೆಂಟರು ಯಾರೆಂಬುದರ ಸುಳಿವು ಸಿಗುತ್ತದೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಜೀವಿಗಳನ್ನು ವಿಂಗಡಿಸಿದಾಗ ತಿಮಿಂಗಿಲವನ್ನು ಮೀನುಗಳ ಗುಂಪಿಗೆ ಸೇರಿಸಿದ್ದ. ಅದಕ್ಕೆ ಶ್ವಾಸಕೋಶವಿದೆ, ಅದು ಮರಿಗೆ ಮೊಲೆಯುಣಿಸುತ್ತದೆ ಎಂಬುದನ್ನು ಒಪ್ಪಿ, 1758ರ ಹತ್ತನೇ ಆವೃತ್ತಿಯಲ್ಲಿ ಅದನ್ನು ಸಸ್ತನಿಗಳ ಜೊತೆ, ಅಂದರೆ ನಮ್ಮ ಜೊತೆ ಇರಿಸಿದ. ಅದಕ್ಕೂ ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲ್ ಡಾಲ್ಫಿನ್‌ಗಳ ಉಸಿರನ್ನು ಗಮನಿಸಿ ಬರೆದಿಟ್ಟಿದ್ದ. ಗಂಗಾತೀರದವರು ಯಾವ ಪುಸ್ತಕವೂ ಇಲ್ಲದೆ ತಮ್ಮ ನದಿಯ ಡಾಲ್ಫಿನ್ನಿಗೆ ‘ಸುಸು’ ಎಂದರು. ನೀರಿನಿಂದ ಮೇಲೆದ್ದಾಗ ಅದು ಬಿಡುವ ಉಸಿರಿನ ಸದ್ದೇ ಅದರ ಹೆಸರು. ನನಗೆ ಲಿನೇಯಸ್‌ನ ತಿದ್ದುಪಡಿಗಿಂತ ಈ ಹೆಸರೇ ಹೆಚ್ಚು ಇಷ್ಟ.

ಡಾಲ್ಫಿನ್ನಿನ ಮೂಗು ನಿಜಕ್ಕೂ ನೆತ್ತಿಯ ಮೇಲಿದೆ. ಅದರ ಧ್ವನಿಪೆಟ್ಟಿಗೆ ಕೊಕ್ಕಿನಂತೆ ಚಾಚಿಕೊಂಡು ಮೂಗಿನ ದಾರಿಯೊಳಗೇ ಸೇರಿಕೊಂಡಿರುವುದರಿಂದ ನುಂಗಿದ ಮೀನು ಪಕ್ಕದಿಂದ ಹಾದುಹೋಗುತ್ತದೆ. ನಮಗೆ ಆ ಅನುಕೂಲವಿಲ್ಲ. ಆದರೆ ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ಸ್ನಾಯು, ವಪೆ, ಅದಕ್ಕೂ ಇದೆ, ನಮಗೂ ಇದೆ. ಹಸು, ಇಲಿ, ಬಾವಲಿಗಳಿಗೂ ಇದೆ. ಕಪ್ಪೆಗೆ ಇಲ್ಲ. ಅದು ಗಂಟಲನ್ನು ಉಬ್ಬಿಸಿ ಗಾಳಿಯನ್ನು ಒಳಕ್ಕೆ ನೂಕಬೇಕು. ಮಳೆಗಾಲದಲ್ಲಿ ಅಂಗಳದ ಕಪ್ಪೆಯ ಗದ್ದದ ಕೆಳಗೆ ಬಿಡದೆ ಮಿಡಿಯುವುದು ಅದೇ.

ನೆತ್ತಿಗೆ ಹತ್ತಿದವರು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ತಲೆ ತಟ್ಟುವುದು ಬರೀ ಅಕ್ಕರೆ. ಕೆಮ್ಮೂ ಬಾರದೆ, ಮಾತೂ ಹೊರಡದೆ ಗಂಟಲು ಹಿಡಿದುಕೊಂಡರೆ ತಡಮಾಡುವಂತಿಲ್ಲ. ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಬಲವಾಗಿ ಗುದ್ದಬೇಕು. ಅದಕ್ಕೂ ಬಗ್ಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೂ ಮೇಲಕ್ಕೂ ಒತ್ತಬೇಕು (ಹಸುಗೂಸು ಮತ್ತು ಬಸುರಿಯರಿಗೆ ಹೊಟ್ಟೆ ಒತ್ತಬಾರದು). ಒತ್ತಿದಾಗ ವಪೆ ಮೇಲೇಳುತ್ತದೆ. ಎಂದಿನಂತೆ ಉಸಿರು ಬಿಟ್ಟ ಮೇಲೂ ದೊಡ್ಡವರ ಶ್ವಾಸಕೋಶದಲ್ಲಿ ಎರಡು ಲೀಟರಿನಷ್ಟು ಗಾಳಿ ಉಳಿದಿರುತ್ತದೆ. ಸಿಕ್ಕಿಕೊಂಡ ತುತ್ತನ್ನು ಹೊರಕ್ಕೆ ಚಿಮ್ಮಿಸುವುದು ಆ ಉಳಿದ ಗಾಳಿ.