ಮಾಂಡವ್ಯರು ಹಾಕಿದ ಮೇರೆ



ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯ ಋಷಿಗಳ ಕಥೆಯಿದೆ. ಕಳ್ಳರು ಕದ್ದ ಮಾಲನ್ನು ಅವರ ಆಶ್ರಮದಲ್ಲಿ ಬಚ್ಚಿಟ್ಟ ಕಾರಣ, ನಿರಪರಾಧಿಗಳಾದ ಅವರು ಶೂಲಕ್ಕೇರಬೇಕಾಯಿತು. ಇದು ಯಾವ ಪಾಪದ ಫಲವೆಂದು ಯಮಧರ್ಮನನ್ನು ಕೇಳಿದಾಗ, ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ್ದರ ಫಲವೆಂಬ ಉತ್ತರ ಬಂದಿತು. ಅರಿಯದ ವಯಸ್ಸಿನ ಅಲ್ಪ ದೋಷಕ್ಕೆ ಇಂತಹ ಘೋರ ದಂಡನೆಯೇ! ಋಷಿಗಳು ಯಮನಿಗೆ ಭೂಲೋಕದಲ್ಲಿ ದಾಸಿಯ ಗರ್ಭದಲ್ಲಿ ಜನಿಸೆಂದು ಶಾಪವಿತ್ತು, ಇನ್ನು ಮುಂದೆ 14 ವರ್ಷದವರೆಗೆ ಮಾಡಿದ್ದು ಪಾತಕವೆನಿಸದೆಂಬ ಮೇರೆಯನ್ನು ಹಾಕಿದರು. ಹಾಗೆ ಜನಿಸಿದವನೇ ವಿದುರನು.

ಆ ವಿದುರನು ದುರ್ಯೋಧನನ ಅಪರಾಧಗಳ ವಿಷಯದಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದು ತಂದೆಯಾದ ಧೃತರಾಷ್ಟ್ರನನ್ನು. ದುರ್ಯೋಧನನಿಗೆ ಯಾವ ಕೊರತೆಯಿತ್ತು? ಕುಚೇಲನ ಮನೆಯಲ್ಲಿ ಏನಿತ್ತು? ದಾರಿದ್ರ್ಯವೊಂದೇ ದುರ್ಮಾರ್ಗಕ್ಕೆ ಕಾರಣವಲ್ಲವೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ಹಾಗೆಂದು ದಾರಿದ್ರ್ಯವನ್ನು ಕಡೆಗಣಿಸಲಾಗದು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಮಳೆ ಕಡಿಮೆಯಾದ ನಾಡು. ಶೇಂಗಾ ಕೈಕೊಟ್ಟ ವರ್ಷ ತಂದೆತಾಯಿಗಳು ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತಾರೆ. ಬಾಲಕನು ಮುದಿ ಅಜ್ಜಿಯ ಪಾಲಾಗುತ್ತಾನೆ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹಿರಿಯರಿಗೆ ಬೆಳಗಿನಿಂದ ರಾತ್ರಿಯವರೆಗೆ ಮಗ್ಗವೇ ಲೋಕ. ದೀಪ ಹಚ್ಚುವ ಹೊತ್ತಿಗೆ ‘ಎಲ್ಲಿಗೆ ಹೋಗಿದ್ದೆಯಪ್ಪಾ’ ಎಂದು ಕೇಳುವವರಿಲ್ಲದ ಬಾಲಕನನ್ನು ಕೇಳುವವರು ಬೀದಿಯಲ್ಲಿ ಸಿಗುತ್ತಾರೆ. ಇಸ್ಪೀಟು, ಗುಟ್ಕಾ, ಕೊನೆಗೆ ಪರರ ಗಲ್ಲಕ್ಕೆ ಕೈ. ಬಡತನವು ಕಳ್ಳತನವನ್ನು ಕಲಿಸುವುದಿಲ್ಲ. ಕಲಿಸಬೇಕಾದ ಹಿರಿಯರನ್ನು ಮಕ್ಕಳಿಂದ ದೂರ ಮಾಡುತ್ತದೆ. ರಾತ್ರಿಯವರೆಗೂ ಅಂಗಡಿಯ ಲೆಕ್ಕದಲ್ಲೇ ಮುಳುಗಿರುವ ಅನುಕೂಲಸ್ಥರ ಮನೆಗೂ ಈ ಮಾತು ಸಲ್ಲುತ್ತದೆ.

ದಂಡನೆಗೆ ಮೊದಲು ಮನೆಯನ್ನು ನೋಡಬೇಕೆಂಬುದು ಇಂದಿನ ಶಾಸನಕ್ಕೂ ಸಮ್ಮತ. 2015ರ ಬಾಲನ್ಯಾಯ ಕಾಯ್ದೆಯಂತೆ 18 ತುಂಬದವರನ್ನು ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬಾಲಕನ ಮನೆಯ ಸ್ಥಿತಿಗತಿ, ತಪ್ಪು ನಡೆದ ಸನ್ನಿವೇಶಗಳ ಕುರಿತು 15 ದಿನಗಳೊಳಗೆ ಮಂಡಳಿಗೆ ವರದಿ ಬರಬೇಕು.

ಅಧಿಕಾರಿಗಳು ಕೇಳುವ ಮೊದಲೇ ನೆರೆಯವರಾದ ನಾವು ಕೇಳಬಾರದೇ? ಚಾತುರ್ಮಾಸ್ಯದಲ್ಲಿ ಶಾಕವ್ರತ, ಕ್ಷೀರವ್ರತಗಳನ್ನು ಶ್ರದ್ಧೆಯಿಂದ ಹಿಡಿಯುತ್ತೇವೆ. ಅದರೊಡನೆ ಇನ್ನೊಂದು ಸಂಕಲ್ಪವಿರಲಿ: ಹೆತ್ತವರು ಗುಳೆ ಹೋದ ಒಂದು ಮಗುವನ್ನಾದರೂ ಸಂಜೆ ನಮ್ಮ ಮಕ್ಕಳೊಡನೆ ಪಾಠಕ್ಕೂ ಊಟಕ್ಕೂ ಕೂರಿಸಿಕೊಳ್ಳೋಣ. ಬಾಲಕನು ತಪ್ಪಿದರೆ, ತೆಗೆದುಕೊಂಡದ್ದನ್ನು ಅವನ ಕೈಯಿಂದಲೇ ಹಿಂದಕ್ಕೆ ಕೊಡಿಸೋಣ. ‘ಕಳ್ಳ’ ಎಂಬ ಹೆಸರನ್ನು ಮಾತ್ರ ಇಡದಿರೋಣ. ಆ ಹೆಸರು ಅಂಟಿದ ಮೇಲೆ ಅವನನ್ನು ಮನೆಗೆ ಕರೆಯುವವರಿಲ್ಲ, ಬೀದಿಗೆ ಕರೆಯುವವರೇ ಎಲ್ಲ. ಅಳತೆ ಮೀರಿ ದಂಡಿಸಿದ ಯಮಧರ್ಮನಿಗೇ ಶಾಪ ತಪ್ಪಲಿಲ್ಲ; ನಮ್ಮ ಪಾಡೇನು?

॥ ಶ್ರೀಕೃಷ್ಣಾರ್ಪಣಮಸ್ತು ॥