ಬಿಡುವಿನ ದಿನ ಯಾರದು?

ಶಾಲೆಗೆ ಬೇಸಿಗೆ ರಜೆ ಬಂತೆಂದರೆ ನಿಮ್ಮ ಮನೆಯಲ್ಲೂ ‘ಅಪ್ಪಾ, ಎಲ್ಲಿಗಾದರೂ ಹೋಗೋಣ’ ಎಂಬ ರಾಗ ಎದ್ದಿರಲೇಬೇಕು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಒಂದು ದಿನ ಹೊರಗೆ ಕಳೆದು ಬರುವುದರಲ್ಲಿ ನೀತಿಯ ಪ್ರಶ್ನೆ ಏನಿದ್ದೀತು ಎಂದೇ ನಾನೂ ಭಾವಿಸಿದ್ದೆ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಆ ಭಾವನೆಯನ್ನು ಕಲಕಿತು.

ನಾವು ಮೈಸೂರಿನಿಂದ ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಹೊರಟಿದ್ದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅಲ್ಲಿನ ದೇವಾಲಯ ಇಂದು ಪಾಳುಬಿದ್ದಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು. ಮಳೆಗಾಲದಲ್ಲಿ ಅದರ ಗೋಡೆಗಳು ಹಿನ್ನೀರಿನಲ್ಲಿ ನಿಲ್ಲುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ನಡೆದು ಹೋಗಬಹುದು. ಅಜ್ಜ ಮುತ್ತಜ್ಜಂದಿರು ಮೊಣಕಾಲೂರಿದಂಥ ನೆಲವನ್ನು ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಬಯಕೆ. ಮಕ್ಕಳ ಬಯಕೆ ಬೇರೆಯೇ ಆಗಿತ್ತು: ಹೊಸದಾಗಿ ಮನೆಗೆ ಬಂದ ಮೂರು ತಿಂಗಳ ನಾಯಿಮರಿಯೂ ಜೊತೆಗೆ ಬರಬೇಕು.

ದಾರಿಯಲ್ಲಿ ಮರಿ ಎರಡು ಸಲ ವಾಂತಿ ಮಾಡಿಕೊಂಡಿತು. ತಲುಪಿದಾಗ ನಡುಹಗಲು. ದೇವಾಲಯದ ಸುತ್ತ ಬಯಲು, ನೆರಳೆಂಬುದಿಲ್ಲ. ಕೆಳಗೆ ಬಿಟ್ಟರೆ ಕಾದ ನೆಲದ ಮೇಲೆ ಮರಿ ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ನಾನು ಅದನ್ನು ಮತ್ತೆ ಕಾರಿನೊಳಗೆ ಹಾಕಿ, ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ, ‘ಇಲ್ಲೇ ಇರಲಿ, ಅರ್ಧ ಗಂಟೆಯಲ್ಲಿ ಬಂದುಬಿಡೋಣ, ಏನೂ ಆಗುವುದಿಲ್ಲ’ ಎಂದೆ. ಎಲ್ಲರೂ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಐದು ವರ್ಷದ ಮಗ ಕೇಳಿದ: ‘ಅಪ್ಪಾ, ನಾನು ಅದರ ಜೊತೆ ಕಾರಿನಲ್ಲೇ ಕುಳಿತಿರಲಾ?’ ನಾನು ಯೋಚಿಸದೆ ಉತ್ತರಿಸಿದೆ: ‘ಬೇಡಪ್ಪ, ಆ ಸೆಖೆಗೆ ನಿನಗೆ ತಲೆಸುತ್ತು ಬರುತ್ತದೆ.’

ಎಂಟು ವರ್ಷದ ಮಗಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅವಳು ಏನೂ ಹೇಳಲಿಲ್ಲ. ಹೇಳುವುದಕ್ಕೆ ಉಳಿದದ್ದೇನೂ ಇರಲಿಲ್ಲ.

ಹಿಂದಿರುಗಿ ಓಡಿದೆವು. ಹತ್ತು ನಿಮಿಷವೂ ಕಳೆದಿರಲಿಲ್ಲ; ಮರಿ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು, ಸೀಟೆಲ್ಲ ಜೊಲ್ಲು. ಹೊರಗೆ 30 ಡಿಗ್ರಿ ಬಿಸಿಲಿದ್ದರೆ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಅದು 40ರ ಹತ್ತಿರಕ್ಕೆ ಏರುತ್ತದೆ, ಗಾಜು ಕೊಂಚ ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗದು ಎಂಬುದನ್ನು ನಾನು ಎಲ್ಲಿಯೋ ಓದಿದ್ದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ಬೀಸಣಿಗೆ ಎಂಬುದೂ ತಿಳಿದಿತ್ತು. ಅರಿವಿನ ಕೊರತೆ ಇರಲಿಲ್ಲ ಎಂಬುದನ್ನು ಗಮನಿಸಿ. ಒದ್ದೆ ಬಟ್ಟೆ ಹೊದಿಸಿ, ಅಂಗೈಯಲ್ಲಿ ನೀರು ಕುಡಿಸಿ, ದೂರದ ಒಂದು ಮರದಡಿ ಕೂಡಿಸಿದ ಮೇಲೆ ಮರಿ ಚೇತರಿಸಿಕೊಂಡಿತು. ನಾನೂ ನನ್ನ ಪತ್ನಿಯೂ ಸರದಿಯಂತೆ ಅದರ ಬಳಿ ಕುಳಿತೆವು. ಮಕ್ಕಳು ಒಬ್ಬೊಬ್ಬರಾಗಿ ದೇವಾಲಯ ನೋಡಿ ಬಂದರು.

ಒಂದು ನಾಯಿಮರಿಗೆ ಇಷ್ಟೆಲ್ಲ ಬರೆಯಬೇಕೆ, ಹಸಿದ ಮಕ್ಕಳಿರುವ ನಾಡಿನಲ್ಲಿ ಇದು ಉಳ್ಳವರ ಕರುಣೆಯಲ್ಲವೆ ಎಂದು ನೀವು ಕೇಳಬಹುದು. ಆಕ್ಷೇಪಣೆ ಹಗುರವಾದುದಲ್ಲ. ನಾಯಿಗೆ ಬಿಸ್ಕತ್ತು ಹಾಕಿ ಮನೆಗೆಲಸದ ಹೆಂಗಸನ್ನು ಗದರುವವರನ್ನು ನಾನೂ ಬಲ್ಲೆ. ಪ್ರಾಣಿಪ್ರೀತಿ ತಾನಾಗಿಯೇ ಮನುಷ್ಯಪ್ರೀತಿಯಾಗಿ ಬೆಳೆಯುತ್ತದೆಂದು ನಾನು ಹೇಳಲಾರೆ. ಆದರೆ ನನ್ನನ್ನು ಕಾಡಿದ್ದು ಕರುಣೆಯ ಪ್ರಶ್ನೆಯಲ್ಲ, ಹೊಣೆಯ ಪ್ರಶ್ನೆ. ಹಸಿದವರಿಗೆ ನಾವು ಸಲ್ಲಿಸಬೇಕಾದದ್ದು ಬೇರೆ, ಅದು ದೊಡ್ಡದು. ಈ ಮರಿಗೆ ಸಲ್ಲಬೇಕಾದದ್ದು ಹುಟ್ಟಿದ್ದು ನಾವು ಅದನ್ನು ಎತ್ತಿಕೊಂಡು ಕಾರಿನಲ್ಲಿ ಕೂಡಿಸಿದ ಗಳಿಗೆಯಲ್ಲಿ. ಅದು ಬರುತ್ತೇನೆ ಎನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗನೂ ಶೆಟ್ಟಿಹಳ್ಳಿಗೆ ಬರುತ್ತೇನೆಂದು ಒಪ್ಪಿಗೆ ಕೊಟ್ಟವನಲ್ಲ. ಕೇಳದೆ ಕರೆದೊಯ್ದವರ ಸುಖದುಃಖಕ್ಕೆ ಕರೆದೊಯ್ದವನೇ ಹೊಣೆಯಲ್ಲದೆ ಇನ್ನಾರು?

ಸ್ವರ್ಗದ ಬಾಗಿಲಲ್ಲಿ ರಥ ಬಂದು ನಿಂತಾಗಲೂ ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದ ಧರ್ಮರಾಯನ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆ ನಾಯಿ ತಾನಾಗಿ ಬಂದದ್ದು. ನಮ್ಮ ಮರಿಯನ್ನು ನಾವೇ ತಂದದ್ದು. ಅವನು ಸ್ವರ್ಗವನ್ನೇ ಬಿಡಲು ಸಿದ್ಧನಾದ. ನಾನು ಅರ್ಧ ಗಂಟೆಯ ವಿಹಾರವನ್ನು ಬಿಡಲಾರದೆ ಹೋದೆ. ನಮ್ಮ ತೋಬಿತನ ಗ್ರಂಥದಲ್ಲಿಯೂ ಮಗ ದೂರದ ಪಯಣಕ್ಕೆ ಹೊರಟಾಗ ದೇವದೂತನೊಬ್ಬ ಜೊತೆಗಿದ್ದಾನೆ, ಒಂದು ನಾಯಿಯೂ ಇದೆ. ಕಥೆಯಲ್ಲಿ ಆ ನಾಯಿ ಏನನ್ನೂ ಮಾಡುವುದಿಲ್ಲ. ಹೊರಡುವಾಗ ಹೊರಡುತ್ತದೆ, ಹಿಂದಿರುಗುವಾಗ ಹಿಂದಿರುಗುತ್ತದೆ. ಬರೆದವನು ಅದನ್ನು ಮರೆಯಲಿಲ್ಲ, ಅಷ್ಟೆ.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಹೊಳೆಯಿತು. ವಿಮೋಚನಾಕಾಂಡದಲ್ಲಿ ಏಳನೆಯ ದಿನದ ಬಿಡುವನ್ನು ವಿಧಿಸುವಾಗ ಎತ್ತಿಗೂ ಕತ್ತೆಗೂ ವಿಶ್ರಾಂತಿ ಸಿಗಬೇಕೆಂದು ಬಿಡಿಸಿ ಹೇಳಲಾಗಿದೆ. ಯಜಮಾನನ ಬಿಡುವಿನ ದಿನ ಅವನೊಬ್ಬನದಲ್ಲ. ಬಾಯಿ ತೆರೆದು ಕೇಳಲಾರದವರ ಪಾಲೂ ಅದರಲ್ಲಿದೆ. ನಮ್ಮ ವಿಹಾರಗಳನ್ನು ಸುಮ್ಮನೆ ನೆನಪಿಸಿಕೊಳ್ಳಿ. ಮುಂಜಾನೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿದವರು ಯಾರು? ಮೊಣಕಾಲು ನೋವಿನ ಅಜ್ಜಿಯನ್ನು ‘ನೀವು ಇಲ್ಲೇ ಕೂತಿರಿ, ಬಂದುಬಿಡುತ್ತೇವೆ’ ಎಂದು ಕಲ್ಲಿನ ಮೇಲೆ ಕೂರಿಸಿ ನಾವು ಎಷ್ಟು ಹೊತ್ತಿಗೆ ಬಂದೆವು? ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ನಾವು ಯಾವಾಗಲೂ ಇನ್ನೊಬ್ಬರ ಪರವಾಗಿಯೇ ಹೇಳುತ್ತೇವೆ.

ಈ ಬೇಸಿಗೆಯಲ್ಲಿ ಮತ್ತೆ ಹೊರಟಾಗ ಮಕ್ಕಳ ಅಳುವಿಗೆ ಮಣಿಯದೆ ನಾಯಿಯನ್ನು ಪಕ್ಕದ ಮನೆಯ ಅಜ್ಜಿಯ ಬಳಿ ಬಿಟ್ಟೆವು. ಸಂಜೆ ಹಿಂದಿರುಗಿದಾಗ ಅದು ಅವರ ಕಾಲಬುಡದಲ್ಲಿ, ತಂಪಾದ ಗಾರೆ ನೆಲದ ಮೇಲೆ ಹೊಟ್ಟೆಯೂರಿ ಮಲಗಿತ್ತು. ನಮ್ಮನ್ನು ಕಂಡು ಎರಡು ಸಲ ಬಾಲವಾಡಿಸಿ ಮತ್ತೆ ಕಣ್ಣು ಮುಚ್ಚಿತು. ಅದು ಓಡಿ ಬಂದು ಮೈಮೇಲೆ ಹಾರುತ್ತದೆಂದು ಕಾದಿದ್ದ ಮಗನಿಗೆ ತುಸು ಬೇಸರವಾಯಿತು.